ಸುಡದ ಗಂಟಲು

ಡಾಕ್ಟರ ಕೋಣೆಯಿಂದ ಹೊರಬಂದವನಿಗೆ ಮೊದಲು ಆದದ್ದು ಅವಮಾನ, ನೆಮ್ಮದಿಯಲ್ಲ. ನೆಮ್ಮದಿಯಾಗಬೇಕಿತ್ತು. ಗಂಟಲಲ್ಲಿ ಗಂಟಿಲ್ಲ, ಹುಣ್ಣಿಲ್ಲ, ಹೆಸರೆತ್ತಲು ಹೆದರುವ ಆ ಕಾಯಿಲೆಯೂ ಅಲ್ಲ ಎಂದು ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಗುನಗುತ್ತಲೇ ಹೇಳಿದ್ದರು. ಆದರೆ ಕಂಬಿ ಹಿಡಿದು ಮೆಟ್ಟಿಲಿಳಿಯುವಾಗ ಅವನು, ಸಂತೆಯಲ್ಲಿ ಜೇಬು ಕತ್ತರಿಸಿಕೊಂಡವನ ಹಾಗೆ, ಎರಡು ಸಲ ಎದೆ ಮುಟ್ಟಿ ನೋಡಿಕೊಂಡ. ಏನು ಹೋಯಿತು ಎಂಬುದು ತಿಳಿಯಲಿಲ್ಲ. ಒಳಗೆ ಆಕೆ ಪಕ್ಕದ ಕೋಣೆಯ ಇಬ್ಬರು ಡಾಕ್ಟರರನ್ನೂ ಕೂಗಿ ಕರೆದಿದ್ದರು. ಹಿಂದಿನ ವಾರ ಗಂಟಲಿಗೆ ಕ್ಯಾಮೆರಾದ ಕೊಳವೆ ಇಳಿಸಿ ತೆಗೆದಿದ್ದ ಚಿತ್ರ ಪರದೆಯ ಮೇಲಿತ್ತು: ಒದ್ದೆಯಾದ, ತಿಳಿಗೆಂಪು ಬಣ್ಣದ ಸುರಂಗವೊಂದು ಸ್ವಲ್ಪ ದೂರ ಹೋಗಿ ಎರಡಾಗಿ ಕವಲೊಡೆದಿತ್ತು. ಪಕ್ಕಪಕ್ಕದಲ್ಲೇ ಎರಡು ಕಣ್ಣುಗಳ ಹಾಗೆ ಎರಡು ತೂತು. ಮೂವರೂ ಅವನ ಬೆನ್ನ ಹಿಂದೆ ನಿಂತು, ಅವನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ, "ಎಷ್ಟು ಚೆನ್ನಾಗಿ ಕಾಣ್ತಿದೆ ನೋಡಿ" ಎಂದುಕೊಂಡಿದ್ದರು. ಇಷ್ಟು ವರ್ಷ ಅವನು ಹೊತ್ತು ತಿರುಗಿದ ಈ ಗಂಟಲನ್ನು ಯಾರೂ ಚೆನ್ನಾಗಿದೆ ಎಂದಿರಲಿಲ್ಲ. ಊಟಕ್ಕೆ ಕೂತರೆ ಗುಳಗುಳ ಸದ್ದು ಮಾಡುತ್ತದೆಂದು, ನುಂಗಿದ್ದು ಅರ್ಧ ಗಂಟೆಯ ಮೇಲೆ ವಾಪಸು ಬಾಯಿಗೆ ಬರುತ್ತದೆಂದು ಆಫೀಸಿನಲ್ಲಿ ಅವನ ಪಕ್ಕದ ಕುರ್ಚಿಯವನು ಬೇರೆ ಮೇಜಿಗೆ ಹೋಗಿದ್ದ. ಹೋಗುವಾಗ ನೆಪ ಹೇಳಿದ್ದು ಕಿಟಕಿಯ ಬಿಸಿಲು.

"ಇಂಥದ್ದನ್ನ ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ" ಎಂದಿದ್ದರು ಡಾಕ್ಟರಮ್ಮ, ಆ ಇಬ್ಬರೂ ಹೊರಟುಹೋದ ಮೇಲೆ. "ನಿಮ್ಮ ಅನ್ನನಾಳ ಕುತ್ತಿಗೆಯಿಂದ ಸ್ವಲ್ಪ ಕೆಳಗೆ ಎರಡಾಗುತ್ತೆ. ಹೊಟ್ಟೆ ಹತ್ರ ಮತ್ತೆ ಒಂದಾಗುತ್ತೆ. ಮಧ್ಯ ಒಂದು ಅಡ್ಡಗೋಡೆ. ಊಟ ಅಗಲವಾದ ದಾರಿ ಹಿಡಿದ್ರೆ ಇಳಿಯುತ್ತೆ, ಇಕ್ಕಟ್ಟಿನ ದಾರಿಗೆ ಹೊಕ್ಕರೆ ಸಿಕ್ಕಿಹಾಕ್ಕೊಳ್ಳುತ್ತೆ. ಅಷ್ಟೇ ನಿಮ್ಮ ಕಥೆ."

"ಕಾರಣ?" ಎಂದ ಅವನು. ಅದು ಬಾಯಿಗೆ ರೂಢಿಯಾದ ಮಾತು. ವಿಮಾ ಕಂಪನಿಯ ಪರವಾಗಿ ಬೆಂಕಿ ಬಿದ್ದ ಅಂಗಡಿ, ಗೋದಾಮುಗಳನ್ನು ನೋಡಿ, ಬೆಂಕಿ ಎಲ್ಲಿ ಹುಟ್ಟಿತು, ಯಾಕೆ ಹುಟ್ಟಿತು ಎಂದು ವರದಿ ಬರೆಯುವ ಸರ್ವೇಯರ್ ಅವನು. ಸುಟ್ಟ ಎಂಥದ್ದರ ಮುಂದೆ ನಿಂತರೂ ಮೊದಲು ಬರುವ ಪದ ಅದೇ.

ಡಾಕ್ಟರಮ್ಮ ಪಾಠ ಒಪ್ಪಿಸುವವರಂತೆ ಬೆರಳು ಮಡಿಸಿದರು. ಕೆಲವರಿಗೆ ಹುಟ್ಟುವಾಗಲೇ ಹೀಗೆ. ಕೆಲವರಿಗೆ ಚೂಪಾದ ಮೂಳೆ ಚುಚ್ಚಿ ಸುಳ್ಳು ದಾರಿಯೊಂದು ಆಗಿಬಿಡುತ್ತದೆ. ಹಳೆಯ ಹುಣ್ಣು ಮಾಗಿದ ಮೇಲೆ ಆಗಬಹುದು, ಆಸ್ಪತ್ರೆಯಲ್ಲಿ ಕೊಳವೆ ಹಾಕುವಾಗ ತಪ್ಪಾದರೂ ಆಗಬಹುದು. ಆ್ಯಸಿಡ್ಡೋ ಇನ್ನೇನೋ ಸುಡುವಂಥದ್ದು ಕುಡಿದವರಿಗೂ ಒಮ್ಮೊಮ್ಮೆ. ಕೊನೆಯದು ಮುಗಿಯುವ ಮೊದಲೇ ಅವನು, ಮನೆತನದ ಹೆಸರು ಹೇಳುವವನ ಗತ್ತಿನಲ್ಲಿ, "ನನ್ನದು ಅದೇ" ಎಂದಿದ್ದ. "ನಾಲ್ಕು ವರ್ಷದವನಿದ್ದಾಗ ಕಾಸ್ಟಿಕ್ ಸೋಡಾ ಕಲಸಿದ ನೀರು ಕುಡಿದೆ. ನಮ್ಮಕ್ಕ ಕುಡಿಸಿದ್ದು. ಗೊತ್ತಿಲ್ದೆ."

ಆಕೆ ತಲೆಯಾಡಿಸಿದರು. "ಅಲ್ಲ. ಸುಟ್ಟಿದ್ರೆ ಕಲೆ ಇರಬೇಕಲ್ಲ? ನಾನು ಅದನ್ನೇ ಹುಡುಕಿದೆ. ಎಲ್ಲೂ ಇಲ್ಲ. ಎರಡು ದಾರೀನೂ ನಯವಾಗಿವೆ, ಸ್ಕ್ಯಾನ್‌ನಲ್ಲಿ ಎರಡಕ್ಕೂ ಅದರದ್ದೇ ಸ್ನಾಯು ಇದೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ವಲ್ಲ, ಅದರಲ್ಲೂ ಏನೂ ಬಂದಿಲ್ಲ. ನೀವು ಹುಟ್ಟಿದ್ದೇ ಹೀಗೆ. ಆ ನೀರನ್ನ ಬಾಯಿಗೆ ಹಾಕ್ಕೊಂಡ ತಕ್ಷಣ ಉಗುಳಿರ್ತೀರಿ. ಹೆಚ್ಚಂದ್ರೆ ತುಟಿ, ನಾಲಿಗೆ ಬೆಂದಿರಬಹುದು." ಆಮೇಲೆ, "ಹಸುಗೂಸಾಗಿದ್ದಾಗ ಹಾಲು ಕುಡಿಯೋಕೆ ಕಷ್ಟ ಪಡ್ತಿದ್ರಾ? ಮನೇಲಿ ದೊಡ್ಡವರು ಯಾರಾದ್ರೂ ಹೇಳಿದ್ದುಂಟಾ?" ಎಂದು ಕೇಳಿದ್ದಕ್ಕೆ, "ಗೊತ್ತಿಲ್ಲ" ಎಂದ.

ಆ ಗೋಡೆಯನ್ನು ಒಳಗಿನಿಂದಲೇ ಕತ್ತರಿಸಿ ಎರಡು ದಾರಿ ಒಂದು ಮಾಡಬಹುದು, ಬರುವ ತಿಂಗಳು ಮಾಡೋಣ, ಜೊತೆಗೆ ಮನೆಯವರೊಬ್ಬರು ಇರಲೇಬೇಕು ಎಂದು ಹೇಳಿ ಕಳಿಸಿದ್ದರು.

ಬಸ್ಸಿನಲ್ಲಿ ಕೂತಮೇಲೆ ಅವನಿಗೆ ಸಿಟ್ಟು ಬಂತು. ಮೊನ್ನೆ ಮೊನ್ನೆ ಓದು ಮುಗಿಸಿ ಬಂದವಳು, ಇವಳಿಗೇನು ಗೊತ್ತು. ಆ ಕಥೆ ಅವನಿಗೆ ತನ್ನ ಹೆಸರಿಗಿಂತ ಮೊದಲೇ ಗೊತ್ತಿತ್ತು. ಅಮ್ಮ ಮನೆಯಲ್ಲಿ ಸೋಪು ಮಾಡಿ ಮಾರುತ್ತಿದ್ದಳು. ಹಿತ್ತಿಲ ಬಾಗಿಲ ಹತ್ತಿರದ ಮಣೆಯ ಮೇಲೆ ಒಂದು ಲೋಟ. ಅವನು ನೀರು ಕೇಳಿದ. ಒಂಬತ್ತು ವರ್ಷದ ಅಕ್ಕ, ಕುಂಟಾಬಿಲ್ಲೆ ಆಡುತ್ತಿದ್ದವಳು, ಓಡಿ ಬಂದು ಕೈಗೆ ಸಿಕ್ಕ ಲೋಟ ಎತ್ತಿ ಕೊಟ್ಟು ಮತ್ತೆ ಓಡಿದಳು. ಅವನು ಕಿರುಚಿದ್ದು ಬೀದಿಯ ಕೊನೆಗೆ ಕೇಳಿಸಿತಂತೆ. ಅಮ್ಮ ಸೌದೆ ತಗೊಂಡು ಅಕ್ಕನಿಗೆ ಹೊಡೆದದ್ದು ಅದಕ್ಕಿಂತ ಮುಂದಕ್ಕೆ ಕೇಳಿಸಿತಂತೆ. ಅವತ್ತಿನಿಂದ ಆ ಮನೆಯಲ್ಲಿ ಅವನ ಗಂಟಲು ಒಂದು ದೇವರ ಹಾಗೆ ಕೂತುಬಿಟ್ಟಿತು. ಅಕ್ಕ ಶಾಲೆ ಬಿಟ್ಟಳು; ತಮ್ಮನ ಅನ್ನವನ್ನು ಹಿಸುಕಿ, ಸೋಸಿ, ಆರಿಸಿ ಕೊಡುವವರು ಬೇಕಿತ್ತು. ಅಕ್ಕನನ್ನು ಕೇಳಿಕೊಂಡು ಬಂದವರಿಗೆ ಅಮ್ಮ, "ಇವನ ಗಂಟಲು ಒಂದು ದಡ ಸೇರಲಿ" ಎನ್ನುತ್ತಿದ್ದಳು. ಗಂಟಲು ದಡ ಸೇರಲಿಲ್ಲ, ಕೇಳಿಕೊಂಡು ಬರುವವರು ನಿಂತರು. ಅಮ್ಮ ತೀರಿಕೊಂಡ ಮೇಲೆ ಅವನಿಗೆ ಮದುವೆಯೂ ಆಯಿತು. ಹೆಂಡತಿ ಮೂರು ವರ್ಷ ಇದ್ದು, ಒಂದು ಮಧ್ಯಾಹ್ನ ಪೆಟ್ಟಿಗೆ ಕಟ್ಟಿಕೊಂಡು ನಿಂತು, "ಈ ಮನೇಲಿ ಮೂರು ಜನ ಇದ್ದೀವಿ ಅಂದ್ಕೊಂಡು ಬಂದೆ, ನಾಲ್ಕು ಜನ ಇದ್ದೀವಿ. ನಿಮ್ಮ ಗಂಟಲಿಗೆ ಬೇರೆ ಕೋಣೆ ಬೇಕು" ಎಂದು ಹೇಳಿ ಹೋದಳು. ಆ ಮಾತಿಗೆ ಅವನಿಗೆ ನಗು ಬಂದಿತ್ತು. ನಗಲು ಹೋಗಿ ಕೆಮ್ಮಿದ, ಒಳಗಿನಿಂದ ಅಕ್ಕ ನೀರು ಹಿಡಿದು ಓಡಿಬಂದಳು. ಕೆಮ್ಮಿದರೆ ಸಾಕು, ಅವಳು ಬರುತ್ತಿದ್ದಳು. ಅದು ಅವನಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಎಷ್ಟೋ ಸಲ ಬರದ ಕೆಮ್ಮನ್ನೂ ಕೆಮ್ಮಿದ್ದ.

ಮಧ್ಯಾಹ್ನ ನೂಲಿನ ಗೋದಾಮೊಂದರ ತಪಾಸಣೆಯಿತ್ತು. ನೆಲದ ತುಂಬ ಕರಿ ನೀರು, ಅರೆಬೆಂದ ನೂಲಿನ ಉಂಡೆಗಳ ಕಮಟು ವಾಸನೆ. ಮಾಲೀಕ ಅವನ ಮೊಣಕೈ ಹಿಡಿದು ಮೂಲೆಗೆ ಕರೆದೊಯ್ದು, "ಸರ್, ಇದೆಲ್ಲ ನಮ್ಮ ಕಾವಲುಗಾರನ ಕೆಲಸ. ಇಲ್ಲೇ ಕೂತು ಸಿಗರೇಟು ಸೇದ್ತಾನೆ. ಎಲ್ಲರಿಗೂ ಗೊತ್ತು" ಎಂದ. ಕಾವಲುಗಾರ ಗೇಟಿನ ಹತ್ತಿರ, ಹೊಗೆ ಹಿಡಿದ ತನ್ನ ಕುರ್ಚಿಯ ಪಕ್ಕ ನಿಂತಿದ್ದ. ಕೂತರೆ ಆ ಕುರ್ಚಿಯೂ ದೂರು ಹೇಳೀತು ಎಂಬಂತೆ. ಅವನು ಮಾಲೀಕನ ಕೈ ಬಿಡಿಸಿಕೊಂಡು ಗೋಡೆಯ ಉದ್ದಕ್ಕೂ ನಡೆದ. ಬೆಂಕಿ ಕೆಳಗಿನಿಂದ ಎದ್ದಿದ್ದರೆ ಕರಿ ಕೆಳಗೆ ಇಕ್ಕಟ್ಟಾಗಿ ಮೇಲೆ ಹರಡಬೇಕು. ಇಲ್ಲಿ ಆಳೆತ್ತರದ ಕೆಳಗೆ ಸುಣ್ಣ ಬೆಳ್ಳಗೇ ಉಳಿದಿತ್ತು. ಸ್ವಿಚ್ ಪೆಟ್ಟಿಗೆಯ ಸುತ್ತ ಮಾತ್ರ ಗಾರೆ ಸಿಡಿದು ಇಟ್ಟಿಗೆ ಕಾಣುತ್ತಿತ್ತು. "ಸಿಗರೇಟು ಗೋಡೆ ಹತ್ತಲ್ಲ" ಎಂದ ಮಾಲೀಕನಿಗೆ. "ಬೆಂಕಿ ಹುಟ್ಟಿದ್ದು ನಿಮ್ಮ ವೈರಿಂಗ್‌ನಲ್ಲಿ. ಅವನು ಏನೂ ಮಾಡಿಲ್ಲ." ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಅವನಿಗೆ ಮೊದಲಿನಿಂದ ಕಂಡರಾಗುತ್ತಿರಲಿಲ್ಲ. ಕಾವಲುಗಾರ ಓಡಿ ಬಂದು ಕೈ ಹಿಡಿದುಕೊಂಡ. ಆ ಒರಟು ಕೈಯೊಳಗೆ ತನ್ನ ಕೈ ಇದ್ದಷ್ಟು ಹೊತ್ತೂ ಅವನಿಗೆ ಒಂದೇ ಯೋಚನೆ: ಸುಟ್ಟಿದ್ದಕ್ಕೆ ಗುರುತಿರಬೇಕು ಎಂದು ಜೀವನವೆಲ್ಲ ಬರೆದವನು ನಾನು, ನನ್ನ ಗಂಟಲಿನ ಗುರುತು ಎಲ್ಲಿ ಎಂದು ಒಂದು ದಿನವಾದರೂ ಯಾರನ್ನಾದರೂ ಕೇಳಿದೆನೇ?

ಮನೆ ತಲುಪಿದಾಗ ಅಕ್ಕ ಹೊಲಿಗೆ ಯಂತ್ರದ ಮುಂದಿದ್ದಳು. ಶಾಲೆ ಶುರುವಾಗುವ ಕಾಲ. ಸುತ್ತ ನೀಲಿ ಲಂಗಗಳ ರಾಶಿ. ಅವನ ಹೆಜ್ಜೆಯ ಸದ್ದಿಗೆ ಯಂತ್ರ ನಿಂತಿತು. ಎದ್ದು ಬಂದವಳ ಮೊಣಕೈತನಕ ದಾರದ ತುಣುಕುಗಳು ಅಂಟಿದ್ದವು.

"ಏನಂದ್ರೋ?"

ಅವನು ಶೂ ಲೇಸು ಬಿಚ್ಚತೊಡಗಿದ. ಇವತ್ತು ಆಸ್ಪತ್ರೆಗೆಂದು ಶೂ ಹಾಕಿದ್ದ. ಸುಮ್ಮನೆ ಲೇಸು ಎಳೆಯುತ್ತ ಕೂತ. ಹೇಳಬೇಕಾದದ್ದು ಒಂದೇ ವಾಕ್ಯ. ಗೋದಾಮಿನಲ್ಲಿ ಹೆಸರೂ ಗೊತ್ತಿಲ್ಲದ ಒಬ್ಬನ ಪರವಾಗಿ ನಿಂತ ನಿಲುವಿನಲ್ಲಿ ಹೇಳಿದ ಅದೇ ವಾಕ್ಯ. ಆದರೆ ಅಕ್ಕ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಯಾಕೆ ಕೇಳ್ತೀನಿ ಅಂದ್ರೆ," ಎಂದಳು, ತೋಳಿನ ದಾರ ಕೀಳುತ್ತ, "ಆ ಹಾಸ್ಟೆಲಿನವರು ಮತ್ತೆ ಫೋನ್ ಮಾಡಿದ್ರು. ಹೆಣ್ಣುಮಕ್ಕಳನ್ನ ನೋಡ್ಕೊಳ್ಳೋಕೆ ವಾರ್ಡನ್ ಬೇಕಂತೆ ಅಂದಿದ್ನಲ್ಲ. ಅಲ್ಲೇ ಒಂದು ಕೋಣೆ ಕೊಡ್ತಾರಂತೆ. ಕಿಟಕಿ ತೆಗೆದ್ರೆ ಆಟದ ಬಯಲು ಕಾಣುತ್ತಂತೆ. ತಮ್ಮನ ಗಂಟಲಿಗೆ ಡಾಕ್ಟ್ರು ಏನಂತಾರೋ ನೋಡಿ ಹೇಳ್ತೀನಿ ಅಂದಿದೀನಿ." ಆಟದ ಬಯಲು ಎನ್ನುವಾಗ ಅವಳ ದನಿ ಸ್ವಲ್ಪ ಮೇಲೆ ಹೋಯಿತು. ಐವತ್ತೈದರ ಹೆಂಗಸು, ಕಿಟಕಿಯ ಮಾತಾಡುವಾಗ ಹುಡುಗಿಯ ಹಾಗೆ ಕೆನ್ನೆ ಕೆಂಪಾಗಿಸಿಕೊಂಡದ್ದು ನೋಡಿ ಅವನಿಗೆ ಏಕೋ ಅಸಹ್ಯವಾಯಿತು, ಆಮೇಲೆ ಭಯವಾಯಿತು.

"ಹಳೇದೇ" ಎಂದ. "ಇನ್ನಷ್ಟು ಬಿಗಿಯಾಗಿದೆಯಂತೆ. ಒಂದು ಸಣ್ಣ ಆಪರೇಷನ್ ಮಾಡಬೇಕಂತೆ."

ಅಕ್ಕನ ಮುಖ ಅವನು ಬಲ್ಲ ಮುಖವಾಯಿತು. "ಅಯ್ಯೋ" ಎಂದಳು. ಮತ್ತೇನೂ ಕೇಳದೆ ಅಡುಗೆಮನೆಗೆ ಹೋಗಿ, ಬೇಯಿಸಿದ ತರಕಾರಿಯನ್ನು ಎಂದಿಗಿಂತ ಹೆಚ್ಚು ಹೊತ್ತು ಹಿಸುಕಿದಳು. ಅವನು ಹೊರಗೆ ಕೂತು ಆ ಸದ್ದನ್ನು ಕೇಳುತ್ತಿದ್ದ. ಸುಳ್ಳೇನು ಹೇಳಿದೆ? ಬಿಗಿಯಾಗಿರುವುದು ನಿಜ, ಆಪರೇಷನ್ ನಿಜ. ಅಡ್ಡಗೋಡೆಯ ಮೇಲೆ ದೀಪ ಇಡುವ ವಿದ್ಯೆ ಅವನ ಕಸುಬೇ ಆಗಿತ್ತು; ಮೇಲಿನವರಿಗೆ ಬೇಡದ ಕಾರಣವಿದ್ದಾಗ ವರದಿಯನ್ನು ಹೇಗೆ ಬರೆಯಬೇಕೆಂದು ಅವನಿಗೆ ಗೊತ್ತಿತ್ತು. ಮರುದಿನ ಹೇಳೋಣ ಎಂದುಕೊಂಡ. ಮರುದಿನ ಅವಳು ಯಂತ್ರಕ್ಕೆ ಎಣ್ಣೆ ಬಿಡುತ್ತ ಏನೋ ಗುನುಗುತ್ತಿದ್ದಳು. ಆಗ ಹೇಳಿದ್ದರೆ ಆಗುತ್ತಿತ್ತು. ಆದರೆ ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ? ಹೇಳದ ಒಂದೊಂದು ದಿನವೂ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡುತ್ತ ಹೋಯಿತು. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಈ ಗಾದೆಯನ್ನು ಆಫೀಸಿನಲ್ಲಿ ಅವನ ಬೆನ್ನ ಹಿಂದೆ ಎಷ್ಟು ಸಲ ಹೇಳಿ ನಕ್ಕಿದ್ದರು!

ಆ ದಿನಗಳಲ್ಲಿ ಅವನಿಗೆ ಕೇಳಿಸತೊಡಗಿದ್ದು ಅಮ್ಮನ ದನಿ. ಅವನು ಸ್ನಾನದ ನೀರು ಹುಯ್ದುಕೊಳ್ಳುವಾಗ, ರಸ್ತೆ ದಾಟಲು ನಿಂತಾಗ. ಅಮ್ಮ ಪಕ್ಕದ ಮನೆಯ ಬಾಣಂತಿಯ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಹೇಳುತ್ತಿದ್ದಾಳೆ: "ನನ್ನ ಮಗನೂ ಹೀಗೇ ಕಣೆ. ಹುಟ್ಟಿದಾಗಿಂದ ಕುಡಿದ ಹಾಲೆಲ್ಲ ಕಕ್ಕಿಬಿಡೋನು. ಹೆಗಲ ಮೇಲೆ ನೆಟ್ಟಗೆ ಹಾಕ್ಕೊಂಡೇ ಮಲಗಿಸಬೇಕಿತ್ತು." ಆಗ ಅವನಿಗೆ ಹತ್ತೋ ಹನ್ನೊಂದೋ. ಜಗುಲಿಯ ಮೇಲೆ ಪೆನ್ಸಿಲು ಕೆತ್ತುತ್ತಿದ್ದ. ಕೇಳಿಸಿಕೊಂಡಿದ್ದ. ಅಕ್ಕನೂ ಅಲ್ಲೇ ಬಾಗಿಲಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು, ಕೇಳಿಸಿಕೊಂಡಿದ್ದಳು. ಹುಟ್ಟಿದಾಗಿಂದ ಎಂಬ ಮಾತು ಮೂವರ ನಡುವೆ ಬಿದ್ದಿತ್ತು, ಯಾರೂ ಬಗ್ಗಿ ಎತ್ತಿಕೊಳ್ಳಲಿಲ್ಲ. ಅಮ್ಮನಿಗೆ ತಿಳಿದಿತ್ತೇ? ಕುಡಿಯುವ ಲೋಟದಲ್ಲಿ ಆ ನೀರು ಸುರಿದು ಮಣೆಯ ಮೇಲಿಟ್ಟವಳು ಅಮ್ಮನಲ್ಲದೆ ಇನ್ನಾರು? ಇದು ಕೂಡ ಯಾರಿಗೂ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಗೋದಾಮಿನ ಮಾಲೀಕನ ಮುಖ ನೆನಪಾಯಿತು. ತನ್ನ ಮೊಣಕೈಯನ್ನು ಮೃದುವಾಗಿ ಹಿಡಿದು ಮೂಲೆಗೆ ಒಯ್ದ ಕೈ ಅಮ್ಮನದರ ಹಾಗೆಯೇ ಬೆಚ್ಚಗಿತ್ತು.

ಒಂದು ಸಂಜೆ ಆಫೀಸಿನಿಂದ ಬಂದಾಗ ಅಕ್ಕ ಫೋನು ಕೆಳಗಿಡುತ್ತಿದ್ದಳು. "ಬರಲ್ಲ ಅಂದ್ಬಿಟ್ಟೆ" ಎಂದಳು. "ಆಪರೇಷನ್ ಆದ ಮೇಲೆ ನಿನ್ನ ನೋಡ್ಕೊಳ್ಳೋರು ಯಾರು? ಅವ್ರಿಗೂ ತಡ ಆಗ್ತಿತ್ತು, ಪಾಪ. ಬೇರೆ ಯಾರೋ ಒಬ್ರು ಕೇಳ್ತಿದ್ರಂತೆ, ಅವ್ರಿಗೇ ಕೊಡ್ತಾರೆ." ಅವನು ಏನಾದರೂ ಅನ್ನಬೇಕೆಂದು ಕಾದವಳಂತೆ ಒಂದು ಗಳಿಗೆ ನಿಂತಳು. ಅವನಿಗೆ ಕೆಮ್ಮು ಬಂತು. ನಿಜವಾದ ಕೆಮ್ಮು. ಅವಳು ನೀರು ತಂದುಕೊಟ್ಟಳು.

ಆಸ್ಪತ್ರೆಯಲ್ಲಿ ಅವನಿಗೆ ಹಿಂದೆ ದಾರ ಕಟ್ಟುವ ಹಸಿರು ಅಂಗಿ ಹಾಕಿಸಿದರು. ನರ್ಸು ಬಾಯಿ ತೆರೆಸಿ ಗಂಟಲಿಗೆ ಕಹಿ ಔಷಧ ಸಿಂಪಡಿಸಿ, "ಇದು ಮರಗಟ್ಟೋಕೆ. ಇನ್ನು ಮಾತಾಡಬೇಡಿ, ಎಂಜಲು ನುಂಗಬೇಡಿ" ಎಂದಳು. ನಾಲಿಗೆ ದಪ್ಪಗಾಗಿ ಬೇರೆ ಯಾರದೋ ನಾಲಿಗೆಯಂತೆ ಬಾಯಿ ತುಂಬಿಕೊಂಡಿತು. ಒಳಗೆ ಕರೆದುಕೊಂಡು ಹೋಗುವ ಮೊದಲು ಮನೆಯವರಿಗೆ ಒಂದು ಮಾತು ಹೇಳಬೇಕೆಂದು ಡಾಕ್ಟರಮ್ಮ ಬಂದರು. ಅಕ್ಕ ಎದ್ದು ನಿಂತು, ಸೆರಗಿಲ್ಲದಿದ್ದರೂ ಸೆರಗು ಎಳೆದುಕೊಳ್ಳುವವಳಂತೆ ಹೆಗಲು ಮುಟ್ಟಿಕೊಂಡಳು. ಅವನಿಗೆ ಮೊದಲೇ ಹೊಳೆಯಬೇಕಿತ್ತು, ಹೊಳೆದಿತ್ತು ಕೂಡ. ಹಿಂದಿನ ದಿನ ಡಾಕ್ಟರಿಗೆ ಫೋನು ಮಾಡಿ, ಅಕ್ಕನಿಗೆ ಏನೂ ಹೇಳಬೇಡಿ ಎನ್ನಲು ಹೊರಟವನು, ಏನೆಂದು ಹೇಳುವುದು ಎಂದು ನಾಚಿ ಕೈಬಿಟ್ಟಿದ್ದ.

"ಡಾಕ್ಟ್ರೇ," ಎಂದಳು ಅಕ್ಕ, "ಸುಟ್ಟ ಜಾಗ ಅಲ್ವಾ ಅದು? ಕತ್ತರಿಸಿದ್ರೆ ತಡೀತದಾ?"

"ಯಾವ ಸುಟ್ಟ ಜಾಗ?"

"ಅದೇ, ಚಿಕ್ಕವನಿದ್ದಾಗ..." ಅಕ್ಕ ಅವನ ಕಡೆ ನೋಡಿದಳು, ಆಮೇಲೆ ನೆಲ ನೋಡಿದಳು. "ಕಾಸ್ಟಿಕ್ ನೀರು ಕುಡಿದಿದ್ದ. ನನ್ನ ಕೈಯಿಂದಾನೇ ಆಗಿದ್ದು. ನಾನೇ ಕೊಟ್ಟೆ."

"ಅಯ್ಯೋ, ಅದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲಮ್ಮ. ಇವರು ಹೇಳಲಿಲ್ವಾ? ಹೋದ ಸಲ ಬಂದಾಗಲೇ ಹೇಳಿದ್ನಲ್ಲ. ಹುಟ್ಟುವಾಗಲೇ ಎರಡು ದಾರಿ ಇದ್ದದ್ದು. ಗಂಟಲು ಸುಟ್ಟೇ ಇಲ್ಲ." ಡಾಕ್ಟರಮ್ಮ ಒಳ್ಳೆಯ ಸುದ್ದಿ ಹೇಳುವ ಸಂತೋಷದಲ್ಲಿ ಅಕ್ಕನ ತೋಳು ತಟ್ಟಿದರು. "ಇಷ್ಟು ವರ್ಷ ನಿಮ್ಮಿಂದ ಅಂದ್ಕೊಂಡಿದ್ರಾ? ಪಾಪ. ಬಿಟ್ಟುಬಿಡಿ ಅದನ್ನ."

ಅವನು "ಅಕ್ಕಾ" ಎಂದ. ಬಾಯಿಂದ ಬಂದದ್ದು ಅಕ್ಷರವಿಲ್ಲದ ಒಂದು ಗೊರಗೊರ. ಜೊಲ್ಲು ಗಲ್ಲಕ್ಕೆ ಇಳಿಯಿತು. "ಮಾತಾಡಬೇಡಿ ಅಂದಿಲ್ವಾ" ಎಂದು ನರ್ಸು ಹತ್ತಿಯಿಂದ ಒರೆಸಿದಳು. ಅಕ್ಕ ಅವನನ್ನು ನೋಡಲಿಲ್ಲ. ಡಾಕ್ಟರ ಮುಖವನ್ನೇ ನೋಡುತ್ತ, "ಹೋದ ಸಲ ಅಂದ್ರೆ, ತಿಂಗಳ ಹಿಂದೆ?" ಎಂದಳು. "ಹೌದು." "ಓಹೋ" ಎಂದಳು ಅಕ್ಕ. ಗಾಲಿಯ ಮಂಚ ತಳ್ಳಿಕೊಂಡು ಹೋದರು. ಸೂಜಿ ಚುಚ್ಚಿದ ಮೇಲೆ ಮಂಪರು ಹತ್ತುವಾಗ ಅವನಿಗಿದ್ದ ಹೆದರಿಕೆ ಸಾವಿನದಲ್ಲ. ಎದ್ದಾಗ ಅವಳು ಅಲ್ಲಿರುವುದಿಲ್ಲ ಎಂಬುದು.

ಇದ್ದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಬೆನ್ನು ನೇರ ಮಾಡಿ ಕೂತಿದ್ದಳು. ಮಾಡಬೇಕಾದದ್ದನ್ನೆಲ್ಲ ಮಾಡಿದಳು: ಮಾತ್ರೆ ತಂದಳು, ಹಿಡಿದು ಎಬ್ಬಿಸಿ ನಡೆಸಿದಳು, ಟ್ಯಾಕ್ಸಿಯಲ್ಲಿ ಕಿಟಕಿಯ ಗಾಜು ಏರಿಸಿ ಅವನಿಗೆ ಗಾಳಿ ಬಡಿಯದಂತೆ ಕೂಡಿಸಿದಳು. ಅರ್ಧ ದಾರಿ ಕಳೆದ ಮೇಲೆ, ಹೊರಗಿನ ಅಂಗಡಿಗಳನ್ನು ನೋಡುತ್ತ ಕೇಳಿದಳು: "ನಾನು ಫೋನ್ ಮಾಡಿ ಬರಲ್ಲ ಅಂದ್ನಲ್ಲ, ಅದಕ್ಕೆ ಮೊದ್ಲೇ ನಿಂಗೆ ಗೊತ್ತಿತ್ತು?"

ಸುಳ್ಳು ಹೇಳಲು ಅವಕಾಶವೇ ಇರಲಿಲ್ಲ. ಇದ್ದಿದ್ದರೆ ಹೇಳುತ್ತಿದ್ದ. ಹೌದೆಂದು ತಲೆಯಾಡಿಸಿದ.

"ಸರಿ" ಎಂದಳು. ಚಾಲಕ ಕನ್ನಡಿಯಲ್ಲಿ ಇಬ್ಬರನ್ನೂ ಒಮ್ಮೆ ನೋಡಿ ಕಣ್ಣು ತೆಗೆದ.

ಅವನ ಗಂಟಲು ಮಾಗುವತನಕ ಅವಳು ತಣ್ಣನೆ ಹಾಲು, ಸೋಸಿದ ಗಂಜಿ ಹೊತ್ತುಹೊತ್ತಿಗೆ ಕೊಟ್ಟಳು. ಬಾಗಿಲು ಬಡಿಯಲಿಲ್ಲ, ಪಾತ್ರೆ ಕುಕ್ಕಲಿಲ್ಲ. ಹಾಸ್ಟೆಲಿನವರಿಗೆ ಮತ್ತೆ ಫೋನು ಮಾಡಿದ್ದಳೆಂದು, ಜಾಗ ತುಂಬಿತ್ತೆಂದು ಅವನಿಗೆ ತಿಳಿದದ್ದು ಅವಳು ಗೋಡೆಯ ಆಚೆ ಪಕ್ಕದ ಮನೆಯವಳೊಂದಿಗೆ ಆಡುತ್ತಿದ್ದ ಮಾತಿನಿಂದ. ಬೈಯಲಿ ಎಂದು ಅವನು ಕಾದ. ಬೈದರೆ ಉತ್ತರ ಕೊಡಬಹುದು. ಬಯ್ಗುಳಕ್ಕೆ ಬಯ್ಗುಳ, ಆಮೇಲೆ ಅಳು, ಆಮೇಲೆ ಎಲ್ಲ ಮೊದಲಿನ ಹಾಗೆ. ಅವಳು ಅವನ ಗಂಜಿ ಆರಿಸಿಟ್ಟು ಹೊಲಿಗೆಗೆ ಕೂತಳು. ಕೊನೆಗೆ ಒಂದು ಬೆಳಿಗ್ಗೆ, ಗಟ್ಟಿ ಆಹಾರ ತಿನ್ನಬಹುದೆಂದು ಡಾಕ್ಟರು ಹೇಳಿದ ಮರುದಿನ, ಅವಳು ಸುಟ್ಟ ಬ್ರೆಡ್ಡಿನ ಎರಡು ಹೋಳು ಅವನ ಮುಂದಿಟ್ಟು ಎದುರಿಗೆ ಕೂತಳು. ಕಚ್ಚಿದ. ಅಗಿದ. ಒಳಗಿನ ಕವಲಿನ ಹತ್ತಿರ ತುತ್ತು ನಿಲ್ಲುವುದನ್ನು ಇಡೀ ಮೈಯಿಂದ ಕಾದ. ಅದು ಸುಮ್ಮನೆ ಇಳಿದುಹೋಯಿತು, ಎಲ್ಲರಿಗೂ ಇಳಿಯುವ ಹಾಗೆ, ಸದ್ದಿಲ್ಲದೆ. ಅವನ ಕಣ್ಣಲ್ಲಿ ನೀರು ಬಂತು.

"ಇಳೀತಾ?"

"ಇಳೀತು, ಅಕ್ಕ."

ಅವಳು ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಅಂಗೈಯಿಂದ ಒಂದು ಕಡೆ ಗುಡ್ಡೆ ಮಾಡಿದಳು. "ಅಮ್ಮ ಸಾಯೋ ಮುಂಚೆ ನನ್ನ ಹತ್ರ ಕರೆದ್ಲು" ಎಂದಳು. "ನೀನು ಔಷಧಿ ತರೋಕೆ ಹೋಗಿದ್ದೆ. ನನ್ನ ಕೈ ಹಿಡ್ಕೊಂಡು, 'ನೀನು ಮಾಡಿದ್ದನ್ನ ನಾನು ಯಾವತ್ತೋ ಕ್ಷಮಿಸಿದೀನಿ ಕಣೆ, ಮನಸ್ಸಲ್ಲಿ ಇಟ್ಕೋಬೇಡ' ಅಂದ್ಲು. ನಾನು ಅವಳ ಕಾಲು ಹಿಡ್ಕೊಂಡು ಅತ್ತೆ. ಎಷ್ಟು ದೊಡ್ಡ ಮನಸ್ಸು ಅಂದ್ಕೊಂಡೆ. ಆಮೇಲೂ ಎಷ್ಟೋ ಸಲ, ಬೇಜಾರಾದಾಗ, ಅದನ್ನ ನೆನೆಸ್ಕೊಂಡು ಸಮಾಧಾನ ಮಾಡ್ಕೋತಿದ್ದೆ." ನಕ್ಕಳು. ಅವನಿಗೆ ಗೊತ್ತಿರದ ನಗು ಅದು. "ಈಗ ಆ ಕ್ಷಮೇನ ಎಲ್ಲಿಡ್ಲಿ, ಹೇಳು? ಯಾರಿಗೆ ವಾಪಸ್ ಕೊಡ್ಲಿ?"

"ಅಮ್ಮಂಗೂ ಗೊತ್ತಿರಲಿಲ್ವೇನೋ ಅಕ್ಕ."

"ಇರಬಹುದು. ಅಮ್ಮಂಗೆ ಗೊತ್ತಿರಲಿಲ್ಲ ಅಂತಾನೇ ಇಟ್ಕೋ. ನಿಂಗೆ ಗೊತ್ತಿತ್ತಲ್ಲ."

ಅವನು ಬ್ರೆಡ್ಡು ಕೆಳಗಿಟ್ಟ. ಮಾತು ಗಂಟಲಲ್ಲೇ ಉಳಿಯಿತು ಎನ್ನುವ ಹಾಗೂ ಇರಲಿಲ್ಲ, ಗಂಟಲು ಈಗ ಸರಾಗವಾಗಿತ್ತು. "ತಪ್ಪಾಯ್ತು" ಎಂದ. "ನೀನು ಹೋಗ್ಬಿಡ್ತೀಯ ಅಂತ ಹೆದರಿದೆ. ಕ್ಷಮಿಸು ಅಕ್ಕ."

"ಇಲ್ಲ" ಎಂದಳು. ಸಿಟ್ಟಿನಿಂದಲ್ಲ, ಬಟ್ಟೆ ಸಾಲುವುದಿಲ್ಲ ಎಂದು ಗಿರಾಕಿಗೆ ಹೇಳುವ ದನಿಯಲ್ಲಿ. "ಊಟ ಬೇಕಾದ್ರೆ ಕೇಳು, ಹಾಕ್ತೀನಿ. ಅದೊಂದು ಕೇಳಬೇಡ. ಅದನ್ನ ಅಮ್ಮ ಎಷ್ಟು ಸುಲಭವಾಗಿ ಕೊಟ್ಲು ನೋಡಿದೀನಿ."

ಆ ತಿಂಗಳು ಕಳೆಯುವ ಮೊದಲೇ ಅವಳು ಎರಡು ಬೀದಿ ಆಚೆ, ರಸ್ತೆಗೆ ಬಾಗಿಲಿದ್ದ ಒಂದು ಕೋಣೆ ಹಿಡಿದಳು. ಆಟದ ಬಯಲು ಕಾಣುವ ಕಿಟಕಿಯಲ್ಲ. ಎದುರಿಗೆ ಸೈಕಲ್ ರಿಪೇರಿ ಅಂಗಡಿ. ಹೊಲಿಗೆ ಯಂತ್ರವನ್ನು ಇಬ್ಬರು ಕೂಲಿಯವರು ಎತ್ತಿಕೊಂಡು ಹೋಗುವಾಗ ಅವನು ಬಾಗಿಲು ಅಗಲ ಮಾಡಿ ಹಿಡಿದು ನಿಂತಿದ್ದ. ಖಾಲಿಯಾದ ಮೂಲೆಯಲ್ಲಿ ನೆಲದ ಬಣ್ಣ ಬೇರೆಯೇ ಇತ್ತು. ಅವನು ಅನ್ನ ಮಾಡಿಕೊಳ್ಳಲು ಕಲಿತ. ಅದು ಅವನು ತಿಳಿದಷ್ಟು ಕಷ್ಟವಾಗಿರಲಿಲ್ಲ, ಇದೂ ಒಂದು ಅವಮಾನವೇ ಆಯಿತು. ಆಫೀಸಿನಲ್ಲಿ ಎಲ್ಲರ ಜೊತೆ ಕೂತು ತಿಂದ. ಪಕ್ಕದ ಕುರ್ಚಿಯವನು ವಾಪಸು ಬರಲಿಲ್ಲ. ಕಿಟಕಿಯ ಬಿಸಿಲು ನಿಜಕ್ಕೂ ಜೋರಾಗಿತ್ತೋ ಏನೋ. ಒಬ್ಬನೇ ಇದ್ದಾಗ ಕೆಮ್ಮಿ ನೋಡಿದ. ಕೆಮ್ಮು ಗೋಡೆಗೆ ಬಡಿದು ಅವನಿಗೇ ಕೇಳಿಸಿತು.

ಒಂದು ಭಾನುವಾರ ಅಕ್ಕ ಬಿಟ್ಟುಹೋಗಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಕೊಡುವ ನೆಪ ಮಾಡಿಕೊಂಡು ಅಲ್ಲಿಗೆ ಹೋದ. ಬಾಗಿಲು ತೆರೆದಿತ್ತು. ಒಳಗೆ ಶಾಲೆಯ ಟೀಚರೊಬ್ಬರು ಎರಡೂ ಕೈ ಅಗಲಿಸಿ ನಿಂತಿದ್ದರು. ಮೊದಲೆಲ್ಲ ಮನೆಗೇ ಬಂದು ಬಟ್ಟೆ ಕೊಡುತ್ತಿದ್ದ ಹಳೆಯ ಗಿರಾಕಿ. ಅಕ್ಕ ತುಟಿಯ ನಡುವೆ ಗುಂಡುಪಿನ್ನುಗಳನ್ನು ಕಚ್ಚಿಕೊಂಡು ಅವರ ತೋಳಿಗೆ ಅಳತೆಯ ಪಟ್ಟಿ ಹಿಡಿದಿದ್ದಳು. ಅವನನ್ನು ನೋಡಿ, ಅಲ್ಲಿಡು ಎಂಬಂತೆ ಕಣ್ಣಲ್ಲೇ ಮೇಜು ತೋರಿಸಿದಳು. ಪೆಟ್ಟಿಗೆ ಇಟ್ಟ. ಕೂರು ಎಂದಾಳೆಂದು ನಿಂತ.

"ನಿಮ್ಮ ತಮ್ಮ ಅಲ್ವಾ?" ಎಂದರು ಟೀಚರು, ದನಿ ತಗ್ಗಿಸಿ, ಆದರೆ ಅವನಿಗೆ ಕೇಳುವಷ್ಟು. "ಪಾಪ, ಚಿಕ್ಕ ವಯಸ್ಸಲ್ಲಿ ಗಂಟಲು ಸುಟ್ಟು ಬಹಳ ಕಷ್ಟಪಟ್ರಂತಲ್ಲ. ಈಗ ಹೇಗಿದಾರೆ?"

ಅಕ್ಕ ಬಾಯಿಂದ ಒಂದೊಂದೇ ಪಿನ್ನು ತೆಗೆದು ಅಂಗಿಯ ತೋಳಿಗೆ ಚುಚ್ಚಿದಳು. ಎಲ್ಲ ತೆಗೆದಾದ ಮೇಲೆ ಹೇಳಿದಳು:

"ಇಲ್ಲ ಟೀಚರ್. ಅವನಿಗೆ ಏನೂ ಆಗಿರ್ಲಿಲ್ಲ."